ರೆಕ್ಕೆಯಡಿಯಿಂದ ಕಳಚಿದ ಪ್ಯಾನಲ್

ನೋಯೆಲಾ ಡೆಸ್ಜಾರ್ಲೆ ಒಂದು ಕಡೆ ಕೂರುವ ಜೀವವೇ ಅಲ್ಲ. ಉತ್ತರದ ಹಿಮನಾಡಿನ ಥಾಂಪ್ಸನ್ ಊರಿನ ವಿಮಾನ ನಿಲ್ದಾಣದಲ್ಲಿ ರಿಪೇರಿ ಕೆಲಸಕ್ಕೆ ಸೇರಿ ಅರ್ಧ ಆಯುಷ್ಯ ಕಳೆದಿದ್ದರೂ, ನಿಂತೇ ತಿನ್ನುವುದು, ನಿಂತೇ ಚಹಾ ಕುಡಿಯುವುದು. ಗಂಡ ತೀರಿಹೋದ ಮೇಲೆ ಆ ಚಡಪಡಿಕೆ ಇನ್ನಷ್ಟು ಹೆಚ್ಚಿತ್ತು. ಆದರೆ ಅವಳ ಕೆಲಸದತ್ತ ಯಾರೂ ಬೆರಳು ಮಾಡಿದ್ದಿಲ್ಲ, ಆ ಫೆಬ್ರುವರಿಯ ತನಕ.

ಅಂದು ಬೆಳಿಗ್ಗೆ ವಿನ್ನಿಪೆಗ್‌ಗೆ ಹೊರಟ ವಿಮಾನದಲ್ಲಿ ಅವಳ ತಂಗಿಯ ಮಗಳು ಕಾರ್ಲೀನ್ ಇದ್ದಳು. ತುಂಬು ಬಸುರಿ. ಹೆರಿಗೆ ಕಷ್ಟವಾಗಬಹುದೆಂದು ಡಾಕ್ಟರು ಅಲ್ಲಿನ ದೊಡ್ಡ ಆಸ್ಪತ್ರೆಗೆ ಕಳಿಸಿದ್ದರು. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವಳು ನೋಯೆಲಾಳೇ.

ವಿಮಾನ ಕಣ್ಮರೆಯಾಗಿ ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಗಾರ್ತ್ ಓಡಿ ಬಂದ. "ರೆಕ್ಕೆಯಡಿ ಏನೋ ಕಿತ್ಕೊಂಡು ಹೋಗಿದೆಯಂತೆ. ಗಡಗಡ ಅಂತಿದೆ ಅಂತಾನೆ ಪೈಲಟ್. ನಿಧಾನಕ್ಕೆ ಹೋಗ್ತಾ ಇದ್ದಾನೆ."

ವಿಮಾನ ಸುರಕ್ಷಿತವಾಗಿ ಇಳಿದ ಸುದ್ದಿ ಬರುವವರೆಗೆ ನೋಯೆಲಾ ಬಾಗಿಲಿಂದ ಬಾಗಿಲಿಗೆ ತಿರುಗುತ್ತಲೇ ಇದ್ದಳು. ಆಮೇಲೆ ಕಾರ್ಲೀನಳ ಫೋನ್ ಬಂತು.

"ದೊಡ್ಡಮ್ಮ, ಢಬ್ ಅಂತು ನೋಡು! ಪಕ್ಕದ ಹೆಂಗಸು ನನ್ನ ಕೈ ಹಿಡ್ಕೊಂಡು ಜಪ ಶುರು ಮಾಡಿದ್ಳು. ಇಲ್ಲೇ ಹೆತ್ತುಬಿಡ್ತೀನೇನೋ ಅನ್ನಿಸ್ತು. ಏನಾಗಿತ್ತಂತೆ?"

"ಗೊತ್ತಿಲ್ಲ ಕಣೇ," ಎಂದಳು ನೋಯೆಲಾ.

ನಿಜಕ್ಕೂ ಗೊತ್ತಿರಲಿಲ್ಲ. ವಿಮಾನ ಹೊರಡುವ ಮುನ್ನ, ಎಣ್ಣೆ ಜಿನುಗುತ್ತಿದೆಯೇ ಎಂದು ನೋಡಲು ರೆಕ್ಕೆಯಡಿಯ ತಗಡಿನ ಮುಚ್ಚಳವನ್ನು, ಆ ಪ್ಯಾನಲನ್ನು, ಬಿಚ್ಚಿದವಳು ಅವಳೇ. ಮುಚ್ಚುತ್ತಿರುವಾಗ, ಇನ್ನೊಂದು ವಿಮಾನದ ಬಾಗಿಲು ಹಿಮಗಟ್ಟಿ ತೆರೆಯುತ್ತಿಲ್ಲವೆಂದು ಗಾರ್ತ್ ಕೂಗಿದ್ದ. ಹೋಗಿ ಬಂದಳು. ಬಂದ ಮೇಲೆ ಹಿಂದಿನ ಸಾಲಿನ ಸ್ಕ್ರೂ ಹಾಕಿದೆನೇ? ಹಾಕಿದ ಹಾಗೇ ನೆನಪು. ಆದರೆ ಅದೇ ಪ್ಯಾನಲನ್ನು ಎಷ್ಟೋ ಸಲ ಮುಚ್ಚಿದ ಕೈ ಅದು; ಯಾವ ದಿನದ ನೆನಪು ಯಾವುದೋ.

"ಚಳಿಗೆ ಸ್ಕ್ರೂ ಮುರಿದಿರತ್ತೆ ಬಿಡು," ಎಂದ ಗಾರ್ತ್. "ಮುದಿ ವಿಮಾನ."

ಬಿಡಲಾಗಲಿಲ್ಲ. ರಜೆಯ ದಿನ ಹಿಮದ ಮೇಲೆ ಓಡುವ ಬಂಡಿಯನ್ನೇರಿ, ಕಳಚಿ ಬಿದ್ದ ಪ್ಯಾನಲನ್ನು ಹುಡುಕುತ್ತ, ವಿಮಾನ ಹಾದುಹೋಗುವ ದಾರಿಯ ಹೆಪ್ಪುಗಟ್ಟಿದ ಸರೋವರಗಳನ್ನು ಸುತ್ತಿದಳು. ಮೀನು ಹಿಡಿಯುವವರನ್ನೆಲ್ಲ ಕೇಳಿದಳು. ಕೊನೆಗೆ ಜೆರಮಾಯ ಸ್ಪೆನ್ಸ್ ಎಂಬ ಕ್ರೀ ಬುಡಕಟ್ಟಿನ ಮುದುಕ ಮಂಜುಗಡ್ಡೆಯಲ್ಲಿ ತೂತು ಕೊರೆದು ಬಲೆ ಬಿಟ್ಟು ಕೂತಿದ್ದ ಜಾಗಕ್ಕೆ ಬಂದಳು. ಗಾಳಿಗೆ ಮರೆಯಾಗಿ ಅವನು ನಿಲ್ಲಿಸಿಕೊಂಡಿದ್ದದ್ದು ಅದೇ ಪ್ಯಾನಲ್.

"ನಿಮ್ದಾ ಇದು? ನೆತ್ತಿ ಮೇಲೆ ಬಿದ್ದಿದ್ರೆ ನಾನೇ ಮೀನಿಗೆ ಊಟ ಆಗ್ತಿದ್ದೆ, ಮಗಳೇ!" ಮುದುಕ ನಕ್ಕ. ಅವಳು ನಗಲಿಲ್ಲ.

ಅವಳು ಕೈಗವಸು ಕಳಚಿ ಅಂಚು ಸವರಿದಳು. ಮುಂದಿನ ತೂತುಗಳೆಲ್ಲ ಹರಿದು ಹೋಗಿದ್ದವು. ಅಲ್ಲಿ ಸ್ಕ್ರೂ ಇತ್ತು, ಗಾಳಿ ಕಿತ್ತಿತ್ತು. ಹಿಂದಿನ ಸಾಲಿನವು ದುಂಡಗೆ, ನುಣ್ಣಗೆ, ಬಣ್ಣವೂ ಕಿತ್ತುಬಾರದೆ ಇದ್ದವು. ಅಲ್ಲಿ ಸ್ಕ್ರೂ ಇರಲೇ ಇಲ್ಲ.

"ನಾನೇ ಅಜ್ಜಾ. ನಾನೇ ಮಾಡಿದ್ದು."

"ಕೂತ್ಕೋ. ಚಹಾ ಇದೆ."

"ಕೂರಕ್ಕಾಗ್ತಿಲ್ಲ."

"ಹಾಗಾದ್ರೆ ನಿಂತೇ ಕುಡಿ," ಎಂದು ಮುದುಕ ಲೋಟ ಕೈಗಿಟ್ಟ.

ಬಂಡಿಯ ಹಿಂದೆ ಕಟ್ಟಿ ತಂದ ಪ್ಯಾನಲನ್ನು ಕಂಡು ಗಾರ್ತ್‌ನ ಮುಖ ಕಪ್ಪಿಟ್ಟಿತು. "ಅಲ್ಲೇ ನೀರಿಗೆ ನೂಕಿ ಬರೋದಲ್ವೇನೇ? ಕೆಲಸದ ಮಧ್ಯೆ ನಿನ್ನ ಎಬ್ಬಿಸಿದ್ದು ನಾನು. ಇಬ್ಬರಿಗೂ ಮಂಗಳಾರತಿ."

"ಕರೆದವನು ನೀನು, ಮರೆತವಳು ನಾನು. ಎರಡೂ ಹೇಳೋಣ."

ಹೇಳಿದರು. ತನಿಖೆಯವರು ಬಂದು ಹೋದರು. ನೋಯೆಲಾಳನ್ನು ವಸಂತದವರೆಗೆ ಕೆಲಸದಿಂದ ದೂರವಿಟ್ಟರು. ಗಾರ್ತ್‌ಗೆ ಮೇಸ್ತ್ರಿಕೆ ಹೋಯಿತು. ಅರ್ಧ ಮುಗಿದ ಕೆಲಸದಿಂದ ಯಾರನ್ನೂ ಎಬ್ಬಿಸಬಾರದೆಂಬ ಕಟ್ಟಪ್ಪಣೆಯಾಯಿತು. ಮನೆಯಲ್ಲಿ ಅವಳು ಗಟ್ಟಿಯಿದ್ದ ಕಪಾಟಿನ ಕೀಲುಗಳನ್ನೇ ಮತ್ತೆ ಮತ್ತೆ ಬಿಗಿ ಮಾಡಿದಳು.

ಕಾರ್ಲೀನ್ ಹೆಣ್ಣುಮಗು ಹೆತ್ತಳು. ಮಗುವಿನ ಸುದ್ದಿ ಕೇಳಿದ ಫೋನಿನಲ್ಲೇ ನೋಯೆಲಾ ನಿಜ ಹೇಳಿಬಿಟ್ಟಳು. "ಮಗು ಅಳ್ತಿದೆ, ಇಡ್ತೀನಿ," ಎಂದಳು ಕಾರ್ಲೀನ್.

ಅವಳು ವಾಪಸಾದದ್ದು ವಿಮಾನದಲ್ಲಲ್ಲ, ರೈಲಿನಲ್ಲಿ. ಕಾಡಿನ ನಡುವೆ ತೆವಳುವ ಆ ರೈಲಿಗೆ ಕಾದು ನೋಯೆಲಾ ಪ್ಲಾಟ್‌ಫಾರಂ ಸವೆಯುವಷ್ಟು ನಡೆದಳು. ಕಾರ್ಲೀನ್ ಇಳಿದು, ಮುಖ ನೋಡದೆ, "ಕೂತು ಕೂತು ಸೊಂಟ ಬಿದ್ದೋಯ್ತು. ಇದೂ ನಿನ್ನಿಂದಲೇ, ದೊಡ್ಡಮ್ಮ," ಎಂದಳು. ಆಮೇಲೆ ಮಗುವನ್ನು ಅವಳ ತೋಳಿಗಿಟ್ಟು ಚೀಲ ಇಳಿಸಲು ಹೋದಳು.

ನೋಯೆಲಾ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ. ತಾನು ಮುಟ್ಟಿದ ವಿಮಾನ ಇಳಿದ ಸುದ್ದಿ ಬರುವ ತನಕ ಅವಳಿಗೆ ಊಟ ಸೇರುವುದಿಲ್ಲ. ಕಾರ್ಲೀನ್ ಇನ್ನೂ ವಿಮಾನ ಹತ್ತಿಲ್ಲ. ಹತ್ತು ಎಂದು ನೋಯೆಲಾ ಹೇಳಿಯೂ ಇಲ್ಲ.