ಕಿಟಕಿಗೆ ಕಟ್ಟಿದ ನೆಟ್

ಮಾತಾಡುವಾಗ ಮಾಷ್ಟ್ರು ಎದುರಿನವರ ಮುಖ ನೋಡುತ್ತಿರಲಿಲ್ಲ. ಕತ್ತು ತುಸು ವಾಲಿಸಿ, ನಮ್ಮ ಬಲಗಿವಿಯ ಆಚೆ ಏನೋ ನಡೆಯುತ್ತಿದೆ ಎಂಬಂತೆ ಅಲ್ಲೇ ದೃಷ್ಟಿ ನೆಡುತ್ತಿದ್ದರು. ಮದುವೆ ಮನೆಯಲ್ಲಿ ಕೈಮುಗಿದವರನ್ನು ದಾಟಿ ಹೋಗಿಬಿಡುವರು. "ಮಾಷ್ಟ್ರಿಗೆ ಈಗ ನಮ್ಮ ಗುರ್ತ ಎಲ್ಲಿ ಉಂಟು!" ಎಂದು ನಮ್ಮೂರು ನರಿಮೊಗರಿನಲ್ಲಿ ಮೂಗು ಮುರಿದವರು ಹಲವರು.

ಅವರು ನನಗೆ ಶಾಲೆಯಲ್ಲಿ ಆಟ ಕಲಿಸಿದವರು, ಆಮೇಲೆ ಪಕ್ಕದ ಮನೆಯವರು. ನಿವೃತ್ತರಾದ ಮೇಲೂ ಪುತ್ತೂರು, ಸುಳ್ಯ, ಕಡಬ, ಎಲ್ಲಿ ವಾಲಿಬಾಲ್ ಪಂದ್ಯಾಟ ಇದ್ದರೂ ಅಂಪಾಯರ್ ಇವರೇ. ಚೆಂಡು ಗೆರೆಗೆ ತಾಗಿತು ಎಂದು ಇವರು ಹೇಳಿದರೆ ತಾಗಿತು, ಸೋತವರೂ ತುಟಿಪಿಟಿಕ್ಕೆನ್ನುತ್ತಿರಲಿಲ್ಲ. "ನೋಡದ್ದನ್ನು ಹೇಳ್ಬಾರ್ದು, ನೋಡಿದ್ದನ್ನು ನುಂಗ್ಬಾರ್ದು" ಎನ್ನುವುದು ಅವರ ಮಾತು.

ಅಂಥವರು ಕಡಬದ ಒಂದು ಫೈನಲಿನಲ್ಲಿ, ಕೊನೆಯ ಪಾಯಿಂಟಿಗೆ, ಎತ್ತರದ ಸ್ಟ್ಯಾಂಡಿನ ಮೇಲೆ ಸೀಟಿ ಕಚ್ಚಿಕೊಂಡು ಸುಮ್ಮನೆ ಕೂತುಬಿಟ್ಟರು. ಎರಡೂ ಕಡೆಯವರು ಕಿರುಚುತ್ತಿದ್ದರು. ಇಳಿಯಲೂ ಆಗದೆ, ಕೈ ತೋರಿಸಲೂ ಆಗದೆ ಕಂಬಿ ಹಿಡಿದಿದ್ದರು. ಕಡೆಗೆ, "ನಂಗೆ ಕಾಣ್ಲಿಲ್ಲ. ಆ ಪಾಯಿಂಟ್ ಪುನಃ ಆಡಿ" ಎಂದರು. ಮತ್ತೆಂದೂ ಸ್ಟ್ಯಾಂಡ್ ಹತ್ತಲಿಲ್ಲ.

ಅಷ್ಟರೊಳಗೆ ಎರಡು ಸಲ ಕನ್ನಡಕ ಬದಲಿಸಿ ನೋಡಿದ್ದರಂತೆ. ಮಂಗಳೂರಿನ ಕಣ್ಣಿನ ಡಾಕ್ಟರು ವಿಷಯ ಬಿಡಿಸಿ ಹೇಳಿದರು. ವಯಸ್ಸಿಗೆ ಕಣ್ಣಿನ ಒಳಪರದೆಯ ನಡುಭಾಗ ಹಾಳಾಗುತ್ತಿದೆ, ಅದು ಕನ್ನಡಕದ ಕೆಲಸವಲ್ಲ. ಎಡಗಣ್ಣಿನ ನಡು ಆಗಲೇ ಹೋಗಿದೆ. ಎರಡೂ ಕಣ್ಣು ತೆರೆದೇ ಇರುವುದರಿಂದ ಬಲಗಣ್ಣು ಅದನ್ನು ಇಷ್ಟು ದಿನ ಮರೆಮಾಚಿತ್ತು. ಈಗ ಬಲಗಣ್ಣಿನಲ್ಲೂ ಶುರುವಾಗಿದೆ. ನೇರ ಗೆರೆ ಡೊಂಕಾಗಿ ಕಂಡರೆ ಅಂದೇ ಬರಬೇಕು; ಕಣ್ಣಿಗೆ ಇಂಜೆಕ್ಷನ್ ಕೊಟ್ಟು ಉಳಿದದ್ದನ್ನು ಕಾಯಬಹುದು, ಹೋದದ್ದು ಬಾರದು. ಮಾಷ್ಟ್ರು ನಮ್ಮ ಕಿವಿಯ ಆಚೆ ನೋಡುತ್ತಿದ್ದುದು ಕಣ್ಣಿನ ಅಂಚಿನಿಂದ ನಮ್ಮ ಮುಖ ಕಾಣಲು ಎಂದು ನನಗೆ ಆಗ ತಿಳಿಯಿತು.

ಪರೀಕ್ಷಿಸಿಕೊಳ್ಳಲು ಡಾಕ್ಟರು ಕೊಟ್ಟ ಚೌಕುಳಿ ಕಾಗದ ಮಾಷ್ಟ್ರಿಗೆ ಹಿಡಿಸಲಿಲ್ಲ. ಹಳೆಯ ನೆಟ್ಟಿನ ತುಂಡೊಂದನ್ನು ಜಗಲಿಯ ಕಿಟಕಿಗೆ ಬಿಗಿದು, ನಡುವೆ ಒಂದು ಕೆಂಪು ಗುಂಡಿ ಕಟ್ಟಿದರು. ದಿನಾ ಬೆಳಿಗ್ಗೆ ಕನ್ನಡಕ ಹಾಕಿ, ಎಡಗಣ್ಣು ಮುಚ್ಚಿ ಅದರೆದುರು ನಿಲ್ಲುವರು. ಮೂರು ತಾಲೂಕು ಸುತ್ತಿದವರಿಗೆ ಈಗ ಆ ಕಿಟಕಿಯೇ ಮೈದಾನ. "ಜೈಲಿನವನಿಗಾದ್ರೂ ಬಿಡುಗಡೆಯ ದಿನ ಗೊತ್ತುಂಟು ಮಾರಾಯ" ಎಂದಿದ್ದರು ಒಮ್ಮೆ.

ಒಂದು ಬೆಳಿಗ್ಗೆ ಬೇಲಿಯಾಚೆಯಿಂದ ಕರೆದರು. "ಒಮ್ಮೆ ಬಾ. ನೆಟ್ ಜಗ್ಗಿದ್ದಾ, ನನ್ನ ಕಣ್ಣಾ?"

ನೆಟ್ ಬಿಗಿಯಾಗಿಯೇ ಇತ್ತು. ಜಗ್ಗಿದೆ ಎಂದುಬಿಡೋಣ ಅನ್ನಿಸಿತು. ಅವರು ನನ್ನ ಕಿವಿಯ ಆಚೆ ನೋಡುತ್ತ ಕಾಯುತ್ತಿದ್ದರು. ಸುಳ್ಳಿಗೆ ನಾಲಗೆ ಏಳಲಿಲ್ಲ.

"ನೆಟ್ ಸರಿ ಉಂಟು ಮಾಷ್ಟ್ರೆ."

"ಹಾಗಾದ್ರೆ ಔಟ್" ಎಂದರು. "ಅಂಗಿ ಹಾಕ್ತೇನೆ, ನೀನು ಕಾರು ತೆಗಿ."

ಅಂದೇ ಹೋದದ್ದರಿಂದ, ಆಮೇಲೂ ತಪ್ಪದೆ ಇಂಜೆಕ್ಷನಿಗೆ ಹೋದದ್ದರಿಂದ, ಆ ಕಣ್ಣು ಮಂಕಾದರೂ ಕೊನೆಯವರೆಗೆ ಉಳಿಯಿತು. ಕಳೆದ ವರ್ಷ ಅವರು ತೀರಿಕೊಂಡರು. ಮಗಳು ನೆಟ್ ಬಿಚ್ಚಲು ಹೊರಟಾಗ ನಾನು ಕೇಳಿ ತಂದೆ.

ಈಗ ಅದು ನನ್ನ ಕಿಟಕಿಯಲ್ಲಿದೆ. ನನಗೂ ಅರವತ್ತು ದಾಟಿತು. ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಕೆಂಪು ಗುಂಡಿ ನೋಡುತ್ತೇನೆ. ಇವತ್ತು ಅದರ ಪಕ್ಕದ ಗೆರೆ ಸ್ವಲ್ಪ ಬಾಗಿದಂತೆ ಕಂಡಿತು. ಬೇಲಿಯಾಚೆಗೆ ಕರೆಯಲು ಬಾಯಿ ತೆರೆದೆ. ಆ ಮನೆಗೆ ಬೀಗ. ಅಂಗಿ ಹಾಕಿಕೊಂಡು ಕಾರು ತೆಗೆದೆ.