ದೊಡ್ಡಮ್ಮನ ಏಳು ಜೋಡಿ ಕಡ್ಡಿ

ಒಣಗಿದ ಕುದುರೆಮಸಾಲೆ ಹುಲ್ಲಿನ ವಾಸನೆ ಬಂದರೆ ಇವತ್ತಿಗೂ ನನ್ನ ಮುಖ ಬಿಸಿಯಾಗುತ್ತದೆ. ಮಸ್ಕತ್ತಿನಿಂದ ಸೊಹಾರ್ ಕಡೆಗೆ ಹೋಗುವಾಗ, ಸಹಮ್ ಹತ್ತಿರವಾಗುತ್ತಿದ್ದಂತೆ, ಆಡಿಗೆ ಒಂಟೆಗೆ ಹಾಕುವ ಆ ಹುಲ್ಲಿನ ಕಟ್ಟುಗಳನ್ನು ಪಿಕಪ್ಪಿನಲ್ಲಿ ಪೇರಿಸಿಕೊಂಡು ಮಾರುವವರು ಸಿಗುತ್ತಾರೆ. ಮೆಂತೆಯದೂ ಅಲ್ಲದ, ಚಹಾಪುಡಿಯದೂ ಅಲ್ಲದ, ಎರಡರ ನಡುವಿನ ಒಂದು ಬೆಚ್ಚನೆಯ ವಾಸನೆ. ಕಾರಿನ ಗಾಜು ಏರಿಸುವಷ್ಟರಲ್ಲಿ ಒಳಗೆ ಬಂದಾಗಿರುತ್ತದೆ. ಅದರ ಹಿಂದೆಯೇ ನಮ್ಮ ಸಹಮಿನ ಮನೆ ಬರುತ್ತದೆ. ಅಪ್ಪನ ಟೈಲರಿಂಗ್ ಅಂಗಡಿಯ ಬೆನ್ನಿಗಿದ್ದ ಎರಡು ಕೋಣೆ, ಮಿಷನ್ ಎಣ್ಣೆಯ ಕಮಟು, ಏಸಿಯ ನೀರು ತೊಟ್ಟಿಕ್ಕುವ ಬಕೆಟ್ಟು, ಕಿಟಕಿಯ ಪಕ್ಕ ಮಣೆ ಹಾಕಿಕೊಂಡು ಕೂತ ದೊಡ್ಡಮ್ಮ. ಆ ಮನೆ ಈಗಿಲ್ಲ, ಅಲ್ಲಿ ಟಯರು ಮಾರುತ್ತಾರೆ. ಪಿ.ಓ. ಬಾಕ್ಸ್ ನಂಬರು ಮಾತ್ರ ಬಾಯಲ್ಲಿ ಉಳಿದಿರುವ ಇಂಥ ಒಂದು ಮನೆ ನಿಮಗೂ ಇರಬಹುದು.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಮದುವೆಯಾದವರಲ್ಲ. ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಪಾಳಿ ಇಂದೊಂದು ನಾಳೆಯೊಂದು. ನನ್ನನ್ನು ನೋಡಿಕೊಳ್ಳಲೆಂದು ದೊಡ್ಡಮ್ಮ ಮಂಗಳೂರಿನಿಂದ ಬಂದಿದ್ದರು. ಅಲ್ಲಿ ಹುಡುಗಿಯಾಗಿದ್ದಾಗ ಕಾನ್ವೆಂಟಿನಲ್ಲಿ, ಇಟಲಿಯ ಅಬ್ರುಝೊ ಎಂಬ ಬೆಟ್ಟದ ಸೀಮೆಯಿಂದ ಬಂದಿದ್ದ ವಯಸ್ಸಾದ ಸಿಸ್ಟರ್ ಒಬ್ಬರು ಅವರಿಗೆ ತಮ್ಮೂರಿನ ಲೇಸು ಕಲಿಸಿದ್ದರಂತೆ. ನಮ್ಮ ಮನೆಗಳಲ್ಲಿ ಹಾಕುವ ಕ್ರೋಶ ಅಲ್ಲ ಅದು. ಗಟ್ಟಿಯಾದ ಒಂದು ಲೋಡು, ಅದರ ಮೇಲೆ ತೂತು ಚುಚ್ಚಿದ ರಟ್ಟು, ತೂತಿಗೊಂದು ಗುಂಡುಸೂಜಿ. ಬೆರಳುದ್ದದ ಮರದ ಕಡ್ಡಿಗಳಿಗೆ ನೂಲು ಸುತ್ತಿ ಜೋಡಿ ಜೋಡಿಯಾಗಿ ಇಳಿಬಿಟ್ಟು, ದಾಟಿಸುತ್ತಾ ತಿರುಚುತ್ತಾ ಹೋಗಬೇಕು. ಕಡ್ಡಿಗಳು ಒಂದಕ್ಕೊಂದು ತಾಗುವ ಸದ್ದು ಕೇಳುತ್ತಾ ನಾನು ಎಷ್ಟೋ ಮಧ್ಯಾಹ್ನ ನಿದ್ದೆ ಹೋಗಿದ್ದೇನೆ. ಲೋಡಿನೊಳಗೆ ತುಂಬಿದ್ದು ಪಕ್ಕದ ಮನೆಯ ಉಮ್ ಸಾಲಿಂ ಕೊಟ್ಟ ಅದೇ ಒಣ ಹುಲ್ಲು. ಆಕೆಯೂ ಹೆಂಗಸರ ಸಲ್ವಾರಿನ ಕಾಲಂಚಿಗೆ ಬೆಳ್ಳಿನೂಲಿನ ಪಟ್ಟಿ ಹೆಣೆಯುವವಳು, ಆಕೆಗೂ ಅಂಥದೇ ಒಂದು ದಿಂಬಿತ್ತು. ದೊಡ್ಡಮ್ಮನಿಗೆ ಬರುತ್ತಿದ್ದ ಅರಬಿ ಚೆನ್ನಾಗಿದೆ ಎನ್ನಲು 'ಜೈನ್', ಮುಗಿಯಿತು ಎನ್ನಲು 'ಖಲಾಸ್', ಎರಡೇ. ಅಷ್ಟರಲ್ಲೇ ಇಬ್ಬರೂ ಗಂಟೆಗಟ್ಟಲೆ ಕೂರುತ್ತಿದ್ದರು.

ಹೆಂಡತಿಯ ಅಕ್ಕನನ್ನು ಕರೆಸಿಕೊಳ್ಳಲು ಇಲ್ಲಿ ಯಾವ ವೀಸಾವೂ ಇರಲಿಲ್ಲ. ಅಪ್ಪ ಅವರನ್ನು ಮನೆಗೆಲಸದವರ ವೀಸಾದಲ್ಲಿ ತಂದಿದ್ದರು. ಅವರ ಬತಾಕದಲ್ಲಿ, ಎಂದರೆ ಗುರುತಿನ ಕಾರ್ಡಿನಲ್ಲಿ, ಉದ್ಯೋಗದ ಎದುರು ಹಾಗೆಂದೇ ಬರೆದಿತ್ತು. ಯಾರಾದರೂ ವಿಚಾರಿಸಲು ಬಂದರೆ ಕೆಲಸದವರು ಎಂದೇ ಹೇಳಬೇಕೆಂದು ಅಪ್ಪ ನನಗೆ ಪಾಠ ಮಾಡಿಸಿದ್ದರು. ನಾನು ಗಿಣಿಯಂತೆ ಒಪ್ಪಿಸಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ದೊಡ್ಡಮ್ಮ. ಸಂಬಳ ಯಾವಾಗ ಕೊಡುತ್ತೀರಿ ಎಂದು ಅಪ್ಪನನ್ನೇ ಗೇಲಿ ಮಾಡಿದ್ದರು. ವಿಚಾರಿಸಲು ಯಾರೂ ಬರಲಿಲ್ಲ.

ನಾನು ಆರನೆಯ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಕರಕುಶಲ ಪ್ರದರ್ಶನವಾಯಿತು. ಮನೆಯವರು ಬಂದು ಮಾಡಿ ತೋರಿಸಬಹುದು ಎಂದಿದ್ದರು. ಅಮ್ಮ ದೊಡ್ಡಮ್ಮನನ್ನು ಹೊರಡಿಸಿದಳು. ಉಳಿದ ಹುಡುಗಿಯರ ತಾಯಂದಿರು ಇಸ್ತ್ರಿ ಮುರಿಯದ ಚೂಡಿದಾರಿನಲ್ಲಿ, ಸೆಂಟಿನ ಪರಿಮಳದಲ್ಲಿ, ಇಂಗ್ಲಿಷಿನಲ್ಲಿ ನಗುತ್ತಿದ್ದರು. ದೊಡ್ಡಮ್ಮ ಬಣ್ಣ ಮಾಸಿದ ವಾಯಿಲ್ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಲೋಡನ್ನು ಮಗುವಿನಂತೆ ಎದೆಗವಚಿಕೊಂಡು ಬಂದರು. ಹುಲ್ಲಿನ ವಾಸನೆ ಅವರಿಗಿಂತ ಮುಂದೆ ಬಂತು. ನನ್ನ ಪಕ್ಕದವಳು ಮೂಗು ಮುಚ್ಚಿಕೊಂಡಳು. ಇವರು ನಿನಗೇನಾಗಬೇಕು ಎಂದು ಮಿಸ್ ಕೇಳಿದರು.

"ಶೀ ಈಸ್ ಅವರ್ ಮೇಡ್, ಮಿಸ್," ಎಂದೆ.

ಹೇಳಿದ್ದು ಅಪ್ಪ ಕಲಿಸಿದ್ದನ್ನೇ. ಆದರೆ ಅಲ್ಲಿ ಪೊಲೀಸರಿರಲಿಲ್ಲ, ಕಾರ್ಡು ಕೇಳುವವರಿರಲಿಲ್ಲ. ನನಗೆ ಅದು ಗೊತ್ತಿತ್ತು. ಹನ್ನೊಂದು ವರ್ಷದವಳಿಗೆ ಏನು ತಿಳಿಯುತ್ತದೆ ಎಂದು ಯಾರಾದರೂ ನನ್ನ ಪರವಾಗಿ ಹೇಳಿದರೆ ನಾನು ಒಪ್ಪುವುದಿಲ್ಲ. ಲೋಡು ಮೇಜಿನ ಮೇಲಿಟ್ಟು ಹೊರಗೆ ಆಯಾಗಳ ಜೊತೆ ಕೂತಿರಲು ಮಿಸ್ ಹೇಳಿದರು. ದೊಡ್ಡಮ್ಮ ತಲೆಯಾಡಿಸಿ ಹೋಗಿ ಕೂತರು. ಕಾನ್ವೆಂಟಿನಲ್ಲಿ ಕಲಿತ ಹೆಂಗಸಿಗೆ 'ಮೇಡ್' ಎಂದರೇನೆಂದು ತಿಳಿಯದೆ ಇರುತ್ತದೆಯೇ? ಲೇಸಿನ ಎದುರು ನನ್ನ ಹೆಸರಿನ ಚೀಟಿ ಇಟ್ಟರು, ಎರಡನೆಯ ಬಹುಮಾನದ ಸರ್ಟಿಫಿಕೇಟೂ ನನಗೇ ಬಂತು.

ಅಪ್ಪನ ಪಿಕಪ್ಪಿನಲ್ಲಿ ಹಿಂದಿರುಗುವಾಗ ನಾನು ಕಿಟಕಿಯ ಕಡೆಗೇ ನೋಡುತ್ತಿದ್ದೆ. ಸಹಮ್ ಬಂದಾಗ ದೊಡ್ಡಮ್ಮ ಇಳಿಯುವ ಮುಂಚೆ ನನ್ನ ಜಡೆ ಸರಿಮಾಡುತ್ತಾ, ಅಪ್ಪನಿಗೆ ಕೇಳಿಸದ ಹಾಗೆ ಹೇಳಿದರು: "ನೀನೆಂತ ಸುಳ್ಳು ಹೇಳ್ಲಿಲ್ಲ ಮಗಾ. ಬತಾಕದಲ್ಲಿ ಇರುದು ಅದೇ ಅಲ್ವಾ."

ಅವರು ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ.

ಆ ವಾರ ಕಳೆದ ಮೇಲೆ ದೊಡ್ಡಮ್ಮ ಲೋಡಿನ ಮೇಲಿದ್ದ ಹೂಬಳ್ಳಿಯ ನವಿರು ಕೆಲಸವನ್ನು ತೆಗೆದು, ದಪ್ಪ ನೂಲಿನಲ್ಲಿ ಒಂದು ಅಗಲವಾದ ಸಾದಾ ಪಟ್ಟಿ ಶುರುಮಾಡಿದರು. ಕಣ್ಣು ಸೋಲುತ್ತಿರಬೇಕು ಎಂದುಕೊಂಡೆ. ಎರಡು ಬೆರಳಿನಷ್ಟು ಮಾಡಿದ್ದರೋ ಏನೋ, ಅಲ್ಲಿಗೆ ನಿಲ್ಲಿಸಿ, ಲೋಡನ್ನು ನನ್ನ ಓದುವ ಮೇಜಿನ ಪಕ್ಕದಲ್ಲಿಟ್ಟರು. ಕಾಲಿಗೆ ಅಡ್ಡ ಸಿಗುತ್ತದೆಂದು ನಾನು ಅದನ್ನು ಮಂಚದ ಕೆಳಗೆ ದೂಡುತ್ತಿದ್ದೆ. ಸಂಜೆ ನೋಡಿದರೆ ಮತ್ತೆ ಮೇಜಿನ ಪಕ್ಕದಲ್ಲೇ ಇರುತ್ತಿತ್ತು. ನನ್ನ ಹತ್ತನೆಯ ಕ್ಲಾಸು ಮುಗಿದಾಗ ಅವರು ಊರಿಗೆ ಮರಳಿದರು, ಲೋಡು ಇಲ್ಲೇ ಇರಲಿ ಎಂದರು.

ದೊಡ್ಡಮ್ಮ ತೀರಿಹೋಗಿ ಎರಡು ವರ್ಷವಾಯಿತು. ಮಸ್ಕತ್ತಿನ ಅಲ್ ಖುವೈರಿನ ನನ್ನ ಫ್ಲ್ಯಾಟಿನಲ್ಲಿ, ಸೂಟ್‌ಕೇಸುಗಳ ಹಿಂದಿನಿಂದ ನಾನು ಲೋಡನ್ನು ಹೊರತೆಗೆದೆ. ಅವರು ಬಿಟ್ಟುಹೋದ ಪಟ್ಟಿಯನ್ನು ಮುಗಿಸಿದರೆ ಏನೋ ಒಂದು ತೀರುತ್ತದೆ, ಕ್ಷಮೆ ಕೇಳಿದ ಹಾಗಾಗುತ್ತದೆ ಎಂಬ ಆಸೆ. ಕಲಿಯುವುದು ಎಲ್ಲಿ? ಹಿತ್ತಲ ಗಿಡ ಮದ್ದಲ್ಲ ಎಂದು ಮನೆಯ ಗುರುವನ್ನು ಬಿಟ್ಟವಳು ಊರೆಲ್ಲ ಹುಡುಕಿದೆ. ಇಂಗ್ಲಿಷಿನಲ್ಲಿ ಸಿಕ್ಕ ವಿಡಿಯೊಗಳಲ್ಲಿ ಚಪ್ಪಟೆ ದಿಂಬು, ಮಣಿ ಕಟ್ಟಿದ ಕಡ್ಡಿ, ಬೇರೆಯೇ ದೇಶದ ಬೇರೆಯೇ ಲೇಸು. ಅಬ್ರುಝೊದ ಲೇಸಿನ ಪುಸ್ತಕವೊಂದನ್ನು ಹುಡುಕಿ ತರಿಸಿದೆ, ಪೂರಾ ಇಟಾಲಿಯನ್. ಚಿತ್ರದಲ್ಲಿ ಬಾಣದ ಗುರುತುಗಳಿದ್ದವು, ನನ್ನ ಬೆರಳಿಗೆ ಅವು ಅರ್ಥವಾಗಲಿಲ್ಲ. ಕೊನೆಗೆ ಅಲ್ಲಿನ ಬೆಟ್ಟದೂರೊಂದರ ಅಜ್ಜಿಯ ವಿಡಿಯೊ ಸಿಕ್ಕಿತು. ಎದುರಿಗೆ ಉದ್ದ ಲೋಡು, ಅದೇ ಕಡ್ಡಿ, ಅದೇ ಸದ್ದು. ಆಫೀಸಿನ ಊಟದ ಹೊತ್ತಿನಲ್ಲಿ ಅದನ್ನು ಹಾಕಿಕೊಂಡು ಕೂತು ಅತ್ತಿದ್ದೇನೆ. ಆಕೆಗೆ ಬರೆದೆ, ಫೋನಿನಲ್ಲಿ ಅನುವಾದ ಮಾಡಿಸಿ. ಪಟ್ಟಿಯ ಅಂಚು, ಹಿಂಬದಿ, ರಟ್ಟು ಎಲ್ಲದರ ಫೋಟೊ ಕಳಿಸಲು ಹೇಳಿದರು. ಕಳಿಸಿ, ಇದನ್ನು ನನ್ನ ದೊಡ್ಡಮ್ಮ ಅರ್ಧಕ್ಕೆ ಬಿಟ್ಟದ್ದು, ಮುಗಿಸುವುದು ಹೇಗೆಂದು ಹೇಳಿಕೊಡಿ ಎಂದು ಕೇಳಿಕೊಂಡೆ.

ಹೋದ ವಾರ ಉತ್ತರ ಬಂತು. ಕೆಲಸ ಅವರ ಸೀಮೆಯದೇ, ಕೈ ಬಹಳ ಚೆನ್ನಾಗಿದೆ ಎಂದು ಬರೆದಿದ್ದರು. ಆಮೇಲೆ ಹೀಗಿತ್ತು: "ಇದು ಅರ್ಧಕ್ಕೆ ನಿಂತದ್ದಲ್ಲ. ಏಳು ಜೋಡಿ ಕಡ್ಡಿ, ದಪ್ಪ ನೂಲು, ದೊಡ್ಡ ತೂತಿನ ರಟ್ಟು. ಹೊಸಬರಿಗೆ ಹಾಕಿಕೊಡುವ ಮೊದಲ ಪಾಠ ಇದು. ಕಲಿಸುವವರು ಎರಡು ಬೆರಳಷ್ಟು ಮಾಡಿ, ಲೋಡನ್ನು ಕಲಿಯುವ ಹುಡುಗಿಯ ಪಕ್ಕದಲ್ಲಿಡುತ್ತಾರೆ. ನಮ್ಮಲ್ಲಿ ಯಾರನ್ನೂ ಕರೆದು ಕೂರಿಸುವ ಪದ್ಧತಿಯಿಲ್ಲ, ಅವಳಾಗಿಯೇ ಬಂದು ಕಡ್ಡಿ ಹಿಡಿಯಬೇಕು. ಆ ಹುಡುಗಿ ಯಾಕೆ ಬರಲಿಲ್ಲ?"

ನಾಲ್ಕು ವರ್ಷ, ಪ್ರತಿ ಶುಕ್ರವಾರ, ಆ ಲೋಡಿನ ಸೂಜಿಗಳಿಗೆ ತುಕ್ಕು ಹಿಡಿದಿದೆಯೇ ಎಂದು ದೊಡ್ಡಮ್ಮ ಒಂದೊಂದಾಗಿ ತೆಗೆದು ನೋಡುತ್ತಿದ್ದರು. ತುಕ್ಕು ಹಿಡಿದದ್ದನ್ನು ಎಸೆದು, ಆ ತೂತಿಗೆ ಹೊಸದನ್ನು ಚುಚ್ಚಿಡುತ್ತಿದ್ದರು.