ಕೇಕಿನ ದ್ರಾಕ್ಷಿಯಿಂದ ಪಾರಾದ ಬರ್ಬನ್

ಗೆಳೆಯರೇ, ಭಾವ ದುಬೈಯಿಂದ ತಂದುಕೊಟ್ಟ ಬರ್ಬನ್ ವಿಸ್ಕಿ ಸುರಕ್ಷಿತವಾಗಿದೆ. ಖಚಿತಪಡಿಸಿದವರು ಅಮ್ಮ.

ಬೇರೆ ಯಾವುದನ್ನೂ ಬೆರೆಸದೆ, ಒಂದೇ ಪೀಪಾಯಿಯಿಂದ ತುಂಬಿದ ಮದ್ಯವದು. ಭಾವ ಬಂದ ಮೇಲೆ ಸವಿಯೋಣವೆಂದು ಮುಚ್ಚಳ ತೆರೆಯದೆ ಇಟ್ಟಿದ್ದೆ. ಇಂದು ಬೆಳಿಗ್ಗೆ ಅಮ್ಮ ಕ್ರಿಸ್ಮಸ್ ಕೇಕಿಗೆ ಒಣದ್ರಾಕ್ಷಿ ನೆನೆಹಾಕಿದ್ದರು. ಕಪಾಟಿನಲ್ಲಿ ಬಾಟಲಿ ಇರಲಿಲ್ಲ. ಅಡುಗೆಮನೆಗೆ ಓಡಿದೆ.

"ಅಮ್ಮಾ, ಆ ಬಾಟಲಿ ಎಂತ ಆಯ್ತು?"

"ದ್ರಾಕ್ಷಿಗೆ ಹಾಕುವ ಅಂತಲೇ ತೆಗೆದದ್ದು ಮಾರಾಯ. ಒಂದು ಚಮಚ ರುಚಿ ನೋಡಿದೆ. ಸುಟ್ಟ ಸಕ್ಕರೆಯ ಪರಿಮಳ, ಆಮೇಲೆ ಗಂಟಲಲ್ಲಿ ಮೆಲ್ಲ ಬಿಸಿ. ಇದನ್ನು ಯಾರಾದ್ರೂ ಕೇಕಿಗೆ ಹಾಕ್ತಾರಾ? ದ್ರಾಕ್ಷಿಗೆ ರಮ್ಮೇ ಸಾಕು. ನಿನ್ನ ಬಾಟಲಿ ನನ್ನ ಸೀರೆಗಳ ಹಿಂದೆ ಉಂಟು."

ಹೋಗಿ ನೋಡಿದೆ. ಇಳಿದಿರುವುದು ಒಂದು ಚಮಚಕ್ಕಿಂತ ತುಸು ಹೆಚ್ಚು, ಅಷ್ಟೇ.

ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಭಾವ ಬರುತ್ತಾರೆ. ಮೂರು ಗ್ಲಾಸು ಇಡಬೇಕೆಂದು ಅಮ್ಮ ತಿಳಿಸಿದ್ದಾರೆ.